ಅರೀಥಾ ಫ್ರಾಂಕ್ಲಿನ್: ಬಾಳು, ಹಾಡು ಮತ್ತು ಬೆಳ್ಳಿತೆರೆ

1972ರ ಜನವರಿಯಲ್ಲಿ ಚಿತ್ರೀಕರಣಗೊಂಡ ಒಂದು ಚಲಚಿತ್ರವು 2018ರ ನವೆಂಬರದಲ್ಲಿ ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ಬಂತು. ನಡುವೆ ಕಳೆದುಹೋದದ್ದು ನಲ್ವತ್ತಾರು ವರ್ಷ. ಚಿತ್ರದ ನಾಯಕಿ ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ ತೀರಿಕೊಂಡಿದ್ದರು. ಮಾತ್ರವಲ್ಲ, ಆ ಚಿತ್ರ ತೆರೆ ಕಾಣದಂತೆ ಕೊನೆಯ ಕೆಲವು ವರ್ಷ ನ್ಯಾಯಾಲಯದಲ್ಲಿ ತಡೆ ಹಿಡಿದವರೂ ಆ ನಾಯಕಿಯೇ. ಆಕೆಯ ಹೆಸರು ಅರೀಥಾ ಫ್ರಾಂಕ್ಲಿನ್. ಜಗತ್ತು ಅವರನ್ನು 'ಸೋಲ್ ಗಾನದ ರಾಣಿ' ಎಂದು ಕರೆಯಿತು.

ತನ್ನ ಅತ್ಯುತ್ತಮ ಹಾಡುಗಾರಿಕೆಯನ್ನು ಸೆರೆಹಿಡಿದ ಚಿತ್ರವನ್ನು ಒಬ್ಬ ಗಾಯಕಿ ತಾನೇ ಏಕೆ ತಡೆದಾರು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಆಕೆಯ ಬಾಳನ್ನು ಆರಂಭದಿಂದಲೇ ನೋಡಬೇಕು. ಪಾಶ್ಚಾತ್ಯ ಸಂಗೀತದ ಗೊಡವೆಯೇ ನಮಗೆ ಬೇಡ ಎನ್ನುವ ಓದುಗರಿದ್ದರೆ ಅವರಲ್ಲಿ ನಮ್ಮದೊಂದು ವಿನಂತಿ. ಇದು ಬರಿಯ ಸಂಗೀತದ ಕಥೆಯಲ್ಲ. ಒಬ್ಬ ಹೆಣ್ಣುಮಗಳು ತನ್ನ ದನಿಗೆ ತಾನೇ ಒಡತಿಯಾಗಲು ನಡೆಸಿದ ಹೋರಾಟದ ಕಥೆಯೂ ಹೌದು.

'ಸೋಲ್' ಎಂದರೇನು?

ಕನ್ನಡದ ಕಿವಿಗೆ ಈ ಪದ 'ಸೋಲು' ಎಂದು ಕೇಳಿಸಬಹುದು. ಅದಲ್ಲ. ಇಂಗ್ಲಿಷಿನಲ್ಲಿ ಆತ್ಮಕ್ಕೆ ಇರುವ ಹೆಸರು ಇದು. ಆಫ್ರಿಕದಿಂದ ಹಿಡಿದು ತಂದು ಅಮೆರಿಕದ ಹತ್ತಿಯ ಹೊಲಗಳಲ್ಲಿ ಗುಲಾಮರಾಗಿ ದುಡಿಸಲ್ಪಟ್ಟ ಕರಿಯ ಜನರಿಗೆ ತಮ್ಮದೆಂದು ಉಳಿದದ್ದು ಕಂಠ ಮಾತ್ರ. ಚರ್ಚಿನಲ್ಲಿ ಅವರು ಹಾಡಿದ್ದು 'ಗಾಸ್ಪೆಲ್' ಎಂಬ ಭಕ್ತಿಗೀತ. ಚರ್ಚಿನ ಹೊರಗೆ ಹಸಿವು, ಅಗಲಿಕೆ, ಪ್ರೇಮದ ನೋವುಗಳನ್ನು ತೋಡಿಕೊಂಡದ್ದು 'ಬ್ಲೂಸ್'. ಬಹುಕಾಲ ಇವೆರಡರ ನಡುವೆ ಮಡಿ ಮೈಲಿಗೆಯಂಥ ಒಂದು ಗೋಡೆಯಿತ್ತು. ದೇವರ ಹಾಡು ಹಾಡುವವರು ಲೌಕಿಕದ ಹಾಡನ್ನು ಮುಟ್ಟಬಾರದು ಎಂಬುದು ಹಿರಿಯರ ಕಟ್ಟಪ್ಪಣೆ. 1950ರ ದಶಕದಲ್ಲಿ ರೇ ಚಾರ್ಲ್ಸ್, ಸ್ಯಾಮ್ ಕುಕ್ ಮೊದಲಾದವರು ಈ ಗೋಡೆಯನ್ನು ಒಡೆದು, ಭಕ್ತಿಯ ಧಾಟಿಯಲ್ಲಿ ಮನುಷ್ಯರ ಪ್ರೇಮವನ್ನು ಹಾಡಿದರು. ಹೀಗೆ ಹುಟ್ಟಿದ್ದು ಸೋಲ್.

ಒಬ್ಬರು ಹಾಡಿ ಹೇಳಿದ್ದಕ್ಕೆ ಉಳಿದವರೆಲ್ಲ ದನಿಗೂಡಿಸುವುದು ಈ ಸಂಗೀತದ ಜೀವಾಳ. ಭಜನೆಯಲ್ಲಿ ಕುಳಿತು ಹಾಡಿ ಬಲ್ಲ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾದ ಅಗತ್ಯವಿಲ್ಲ. ಇನ್ನೊಂದು ಲಕ್ಷಣ ಒಂದೇ ಅಕ್ಷರವನ್ನು ಹಲವು ಸ್ವರಗಳಲ್ಲಿ ಎಳೆದು ಆಡಿಸುವುದು. ಬರೆದ ಸ್ವರವನ್ನು ಬರೆದಂತೆಯೇ ಹಾಡಿ ಮುಗಿಸುವುದು ಅಲ್ಲಿ ದೊಡ್ಡ ಗುಣವೆನಿಸದು. ಆ ಹೊತ್ತಿಗೆ ಮನಸ್ಸಿಗೆ ಹೊಳೆದಂತೆ ಹಾಡನ್ನು ಬೆಳೆಸುತ್ತ ಹೋಗುವುದೇ ಅಲ್ಲಿ ವಿದ್ವತ್ತು.

ಪಾದ್ರಿಯ ಮಗಳು

ಅರೀಥಾ ಹುಟ್ಟಿದ್ದು 1942ರ ಮಾರ್ಚ್ 25ರಂದು, ಟೆನೆಸಿ ಸಂಸ್ಥಾನದ ಮೆಂಫಿಸ್ ನಗರದಲ್ಲಿ. ತಂದೆ ಸಿ. ಎಲ್. ಫ್ರಾಂಕ್ಲಿನ್ ಬ್ಯಾಪ್ಟಿಸ್ಟ್ ಪಂಥದ ಪಾದ್ರಿ. ತಾಯಿ ಬಾರ್ಬರಾ ಪಿಯಾನೋ ನುಡಿಸಿ ಹಾಡುತ್ತಿದ್ದವರು. ಅರೀಥಾ ಚಿಕ್ಕವಳಿದ್ದಾಗಲೇ ಕುಟುಂಬ ಉತ್ತರದ ಕಡೆಗೆ ವಲಸೆ ಹೋಯಿತು. ಮೊದಲು ಬಫಲೋ, ಆ ಮೇಲೆ ಮೋಟಾರು ಕಾರ್ಖಾನೆಗಳ ನಗರವಾದ ಡೆಟ್ರಾಯಿಟ್. ದಕ್ಷಿಣದಿಂದ ಕೆಲಸ ಹುಡುಕಿಕೊಂಡು ಬಂದ ಲಕ್ಷಾಂತರ ಕರಿಯ ಕಾರ್ಮಿಕರು ಅಲ್ಲಿ ನೆಲೆಸಿದ್ದರು. ಅವರ ಕೇರಿಯ 'ನ್ಯೂ ಬೆಥೆಲ್' ಚರ್ಚಿಗೆ ಫ್ರಾಂಕ್ಲಿನ್ ಪಾದ್ರಿಯಾದರು.

ತಂದೆ ಅಸಾಮಾನ್ಯ ವಾಗ್ಮಿ. ಮಾತಿನಿಂದ ಆರಂಭವಾದ ಅವರ ಪ್ರವಚನ ಏರುತ್ತ ಏರುತ್ತ ಹಾಡೇ ಆಗಿಬಿಡುತ್ತಿತ್ತು. ಚೆಸ್ ಕಂಪೆನಿ ಆ ಪ್ರವಚನಗಳ ಧ್ವನಿಮುದ್ರಿಕೆಗಳನ್ನು ಹೊರತಂದಿತು. ಜನರು ಅವನ್ನು ಕೊಂಡು ಮನೆಗಳಲ್ಲಿ ಕೇಳಿದರು. ಕರಿಯ ಸಮಾಜದ ಪ್ರಸಿದ್ಧರೆಲ್ಲ ಅವರ ಮನೆಗೆ ಬಂದುಹೋಗುವವರೇ. ಗಾಸ್ಪೆಲ್ ಗಾನದ ಮಹಾ ಗಾಯಕಿಯರಾದ ಮಹೇಲಿಯಾ ಜಾಕ್ಸನ್, ಕ್ಲಾರಾ ವಾರ್ಡ್ ಮೊದಲಾದವರನ್ನು ಬಾಲಕಿ ಅರೀಥಾ ತನ್ನ ಮನೆಯಲ್ಲೇ ಕಂಡಳು. ಜೇಮ್ಸ್ ಕ್ಲೀವ್‌ಲ್ಯಾಂಡ್ ಎಂಬ ತರುಣ ಸಂಗೀತಗಾರನಿಂದ ಪಿಯಾನೋ ಮತ್ತು ಹಾಡಿನ ಮರ್ಮಗಳನ್ನು ಕಲಿತಳು. ಕಲಿತದ್ದು ಹೆಚ್ಚಾಗಿ ಕಿವಿಯಿಂದಲೇ ಹೊರತು ಸ್ವರಲಿಪಿಯಿಂದಲ್ಲ.

ಆದರೆ ಆ ಮನೆಯಲ್ಲಿ ಸುಖಕ್ಕಿಂತ ದುಃಖವೇ ಒಂದು ತೂಕ ಹೆಚ್ಚಿತ್ತು. 1948ರಲ್ಲಿ ತಂದೆ ತಾಯಿ ಬೇರೆಯಾದರು. ತಾಯಿ ಬಫಲೋ ನಗರಕ್ಕೆ ಮರಳಿದರು. 1952ರ ಮಾರ್ಚಿಯಲ್ಲಿ, ಅರೀಥಾಗೆ ಹತ್ತು ತುಂಬಲು ಕೆಲವೇ ದಿನಗಳಿದ್ದಾಗ, ಆ ತಾಯಿ ಹೃದಯಾಘಾತದಿಂದ ತೀರಿಕೊಂಡರು. ಅಜ್ಜಿಯೇ ಮಕ್ಕಳಿಗೆ ಆಸರೆಯಾದರು. ಅರೀಥಾ ಚರ್ಚಿನಲ್ಲಿ ಒಬ್ಬಳೇ ನಿಂತು ಹಾಡಲು ಆರಂಭಿಸಿದ್ದು ಇದರ ನಂತರ. ಹದಿನೈದು ತುಂಬುವ ಮೊದಲೇ ಆಕೆ ಇಬ್ಬರು ಮಕ್ಕಳ ತಾಯಿಯಾಗಿದ್ದಳು. ಶಾಲೆ ಅರ್ಧಕ್ಕೆ ನಿಂತಿತು. ಅಧ್ಯಾಪಕ ವೃತ್ತಿಯ ನಮಗೆ ಈ ಮಾತನ್ನು ಬರೆಯುವಾಗ ಸಂಕಟವಾಗುತ್ತದೆ. ಆಟ ಪಾಠಗಳ ವಯಸ್ಸಿನಲ್ಲಿ ಆ ಹುಡುಗಿಯ ಹೆಗಲಿಗೆ ಬಿದ್ದ ಹೊರೆ ಅಷ್ಟಿತ್ತು. ಮುಂದೆ ಆಕೆ ಈ ದಿನಗಳ ಬಗ್ಗೆ ಹೊರಗೆ ಹೆಚ್ಚು ಮಾತಾಡಲಿಲ್ಲ. ಸಂದರ್ಶಕರು ಎಷ್ಟೇ ಕೆದಕಿದರೂ ಮೌನವೇ ಉತ್ತರ.

1956ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ತಂದೆಯ ಚರ್ಚಿನಲ್ಲೇ ಮುದ್ರಿಸಿದ ಹಾಡುಗಳು ಆಕೆಯ ಮೊದಲ ಧ್ವನಿಮುದ್ರಿಕೆಯಾಗಿ ಹೊರಬಂದವು. ಅವನ್ನು ಕೇಳಿದವರು ಹುಡುಗಿಯ ದನಿಯೊಳಗೆ ಮುದುಕಿಯ ಅನುಭವ ಹೇಗೆ ಬಂತೆಂದು ಬೆರಗಾಗುತ್ತಾರೆ.

ಆರು ವರ್ಷಗಳ ಕಾಯುವಿಕೆ

1960ರಲ್ಲಿ ತಂದೆಯ ಒಪ್ಪಿಗೆ ಪಡೆದು ಅರೀಥಾ ಲೌಕಿಕ ಸಂಗೀತಕ್ಕೆ ಬಂದರು. ಹೆಸರಾಂತ ಕೊಲಂಬಿಯಾ ಕಂಪೆನಿಯ ಜಾನ್ ಹ್ಯಾಮಂಡ್ ಅವರು ಆಕೆಯ ಪ್ರತಿಭೆಯನ್ನು ಗುರುತಿಸಿ ಕರಾರು ಮಾಡಿಕೊಂಡರು. ಆದರೆ ಈ ದನಿಯಿಂದ ಏನನ್ನು ಹಾಡಿಸಬೇಕೆಂಬುದೇ ಕಂಪೆನಿಗೆ ಹೊಳೆಯಲಿಲ್ಲ. ಒಮ್ಮೆ ಜಾಝ್, ಒಮ್ಮೆ ನಾಟಕದ ಹಾಡು, ಒಮ್ಮೆ ಪಿಟೀಲುಗಳ ಮೇಳದೊಂದಿಗೆ ಮೆಲುದನಿಯ ಗೀತ. ಹೀಗೆ ಆರು ವರ್ಷ ಕಳೆದವು. ಹೆಸರು ಬಂತು, ಆದರೆ ಜನ ಮುಗಿಬಿದ್ದು ಕೊಳ್ಳುವಂಥ ಹಾಡು ಬರಲಿಲ್ಲ.

1966ರ ಕೊನೆಗೆ ಆಕೆ ಅಟ್ಲಾಂಟಿಕ್ ಕಂಪೆನಿಗೆ ಸೇರಿದರು. ಅಲ್ಲಿನ ನಿರ್ಮಾಪಕ ಜೆರಿ ವೆಕ್ಸ್ಲರ್ ಮಾಡಿದ ಕೆಲಸ ಸರಳ. ಆಕೆಯನ್ನು ಪಿಯಾನೋದ ಮುಂದೆ ಕುಳ್ಳಿರಿಸಿ, ಚರ್ಚಿನಲ್ಲಿ ಹಾಡುತ್ತಿದ್ದಂತೆಯೇ ಹಾಡಲು ಬಿಟ್ಟರು. 1967ರ ಜನವರಿಯಲ್ಲಿ ಅಲಬಾಮದ ಮಸಲ್ ಶೋಲ್ಸ್ ಎಂಬ ಚಿಕ್ಕ ಪಟ್ಟಣದ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಆರಂಭವಾಯಿತು. ವಾದ್ಯಗಾರರು ಬಿಳಿಯರು. ಗಾಯಕಿ ಕರಿಯಳು. ಊರು ವರ್ಣದ್ವೇಷಕ್ಕೆ ಕುಖ್ಯಾತವಾದ ದಕ್ಷಿಣದ್ದು. ಆದರೂ ಒಂದೇ ದಿನದಲ್ಲಿ ಒಂದು ಅದ್ಭುತ ಹಾಡು ಸಿದ್ಧವಾಯಿತು. ಅದೇ ದಿನ ಆಕೆಯ ಪತಿ ಟೆಡ್ ವೈಟ್‌ಗೂ ಸ್ಟುಡಿಯೋದವರಿಗೂ ಜಗಳವಾಗಿ ಎಲ್ಲವೂ ಮುರಿದುಬಿತ್ತು. ಅರೀಥಾ ಆ ಊರಿನಿಂದ ಹೊರಟೇಹೋದರು. ವೆಕ್ಸ್ಲರ್ ಎದೆಗುಂದದೆ ಅದೇ ವಾದ್ಯಗಾರರನ್ನು ನ್ಯೂಯಾರ್ಕಿಗೆ ಕರೆಸಿ ಕೆಲಸ ಮುಂದುವರಿಸಿದರು.

1967ರ ಫೆಬ್ರವರಿ 14ರಂದು ನ್ಯೂಯಾರ್ಕಿನಲ್ಲಿ ಮುದ್ರಿಸಿದ ಹಾಡು 'ರೆಸ್ಪೆಕ್ಟ್'. ಹಾಡು ಆಕೆಯದಲ್ಲ. ಓಟಿಸ್ ರೆಡಿಂಗ್ ಎಂಬ ಗಾಯಕ 1965ರಲ್ಲಿ ಬರೆದು ಹಾಡಿದ್ದು. ದುಡಿದು ಮನೆಗೆ ಬರುವ ಗಂಡಸು ಹೆಂಡತಿಯಿಂದ ಮರ್ಯಾದೆಯನ್ನು ಬಯಸುವ ಗೀತ ಅದು. ಅರೀಥಾ ಅದನ್ನು ತಲೆಕೆಳಗು ಮಾಡಿದರು. ಈಗ ಮರ್ಯಾದೆ ಕೇಳುವವಳು ಹೆಂಗಸು. ಗೌರವ ಎಂಬ ಆ ಪದದ ಅಕ್ಷರಗಳನ್ನು ಮಗ್ಗಿ ಒಪ್ಪಿಸಿದ ಹಾಗೆ ಒಂದೊಂದಾಗಿ ಬಿಡಿಸಿ ಹಾಡುವ ಭಾಗ ಮೂಲದಲ್ಲಿರಲಿಲ್ಲ. ಅರೀಥಾ ಸೇರಿಸಿದ್ದು. ಹಿಂದಿನಿಂದ ದನಿಗೂಡಿಸಿದವರಲ್ಲಿ ಆಕೆಯ ತಂಗಿ ಕ್ಯಾರೊಲಿನ್ ಸಹ ಇದ್ದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಆ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಹಕ್ಕುಗಳಿಗಾಗಿ ಬೀದಿಗಿಳಿದಿದ್ದ ಕರಿಯ ಜನರೂ, ಸಮಾನತೆ ಕೇಳುತ್ತಿದ್ದ ಮಹಿಳೆಯರೂ ಅದನ್ನು ತಮ್ಮ ಹಾಡೆಂದೇ ಎತ್ತಿಕೊಂಡರು.

ಇಲ್ಲೊಂದು ವಿಚಿತ್ರವನ್ನು ಓದುಗರು ಗಮನಿಸಬೇಕು. ಅಮೆರಿಕದ ಕಾನೂನಿನ ಪ್ರಕಾರ ರೇಡಿಯೋ ನಿಲಯಗಳು ಹಾಡನ್ನು ಪ್ರಸಾರ ಮಾಡುವಾಗ ರಚಿಸಿದವರಿಗೆ ಗೌರವಧನ ಸಲ್ಲುತ್ತದೆ. ಹಾಡಿದವರಿಗೆ ಇಲ್ಲ. ಹಾಗಾಗಿ ಲಕ್ಷಾಂತರ ಬಾರಿ ರೇಡಿಯೋದಲ್ಲಿ ಮೊಳಗಿದ 'ರೆಸ್ಪೆಕ್ಟ್' ಹಾಡಿನ ಆ ಪ್ರಸಾರಕ್ಕಾಗಿ ಅರೀಥಾಗೆ ಬಂದದ್ದು ಶೂನ್ಯ. ಗೌರವವನ್ನು ಕೇಳಿ ಹಾಡಿದವಳಿಗೇ ಗೌರವಧನವಿಲ್ಲ!

ಚಳವಳಿಯ ಬೆನ್ನಿಗೆ

ತಂದೆ ಫ್ರಾಂಕ್ಲಿನ್ ಅವರು ಮಾರ್ಟಿನ್ ಲೂಥರ್ ಕಿಂಗ್‌ರ ಆಪ್ತರು. 1963ರ ಜೂನ್ 23ರಂದು ಡೆಟ್ರಾಯಿಟ್‌ನಲ್ಲಿ ನಡೆದ ಬೃಹತ್ ಸ್ವಾತಂತ್ರ್ಯ ನಡಿಗೆಯ ಸಂಘಟಕರಲ್ಲಿ ಅವರೊಬ್ಬರು. ಕಿಂಗ್ ಅವರ ಲೋಕಪ್ರಸಿದ್ಧ ಕನಸಿನ ಭಾಷಣದ ಒಂದು ರೂಪ ವಾಷಿಂಗ್ಟನ್ನಿಗಿಂತ ಎರಡು ತಿಂಗಳು ಮುಂಚೆ ಆ ಸಭೆಯಲ್ಲಿ ಕೇಳಿಬಂತು. ಅರೀಥಾ ಸಹ ಕಿಂಗ್‌ರ ಚಳವಳಿಗಾಗಿ ಹಾಡಿ ಹಣ ಕೂಡಿಸಿದರು. 1968ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಕಿಂಗ್ ಅವರೇ ಬಂದು ಆಕೆಗೆ ಸನ್ಮಾನ ಮಾಡಿದರು. ಎರಡು ತಿಂಗಳೊಳಗೆ, ಏಪ್ರಿಲ್ 4ರಂದು, ಕಿಂಗ್‌ರ ಕೊಲೆಯಾಯಿತು. ಅವರಿಗೆ ವಿದಾಯ ಹೇಳಲು ನೆರೆದ ಜನರ ಮುಂದೆ ಅರೀಥಾ ಅವರಿಗೆ ಪ್ರಿಯವಾದ ಪ್ರಾರ್ಥನಾಗೀತವನ್ನು ಹಾಡಿದರು. 1970ರಲ್ಲಿ ಏಂಜೆಲಾ ಡೇವಿಸ್ ಎಂಬ ಕರಿಯ ಹೋರಾಟಗಾರ್ತಿ ಬಂಧನಕ್ಕೊಳಗಾದಾಗ, ಜಾಮೀನಿನ ಹಣವನ್ನು ತಾನು ಕಟ್ಟಲು ಸಿದ್ಧ ಎಂದು ಬಹಿರಂಗವಾಗಿ ಸಾರಿದರು. ತಂದೆಯೇ ಬೇಡವೆಂದರೂ ಕೇಳಲಿಲ್ಲ. ಆ ಕಾಲದಲ್ಲಿ ಹಾಗೆ ಹೇಳಲು ಎದೆಗಾರಿಕೆ ಬೇಕಿತ್ತು.

ಹೋಟೆಲಿನ ಯಜಮಾನಿ

ಇನ್ನು ತೆರೆಯ ವಿಷಯ. ಅರೀಥಾ ಸಿನೆಮಾ ನಟಿಯಲ್ಲ. ನಟಿಸಿದ್ದು ಬೆರಳೆಣಿಕೆಯಷ್ಟು. ಆದರೆ ಅವುಗಳಲ್ಲೊಂದು ಇಂದಿಗೂ ಮರೆಯಲಾಗದ್ದು.

1970ರ ದಶಕದ ಕೊನೆಗೆ ಡಿಸ್ಕೋ ಕುಣಿತದ ಅಬ್ಬರ ಎದ್ದು ಸೋಲ್ ಗಾಯಕರೆಲ್ಲ ಮೂಲೆಗುಂಪಾದರು. ಅರೀಥಾರ ಹೊಸ ಧ್ವನಿಮುದ್ರಿಕೆಗಳನ್ನು ಕೇಳುವವರಿರಲಿಲ್ಲ. ಅಂಥ ಹೊತ್ತಿನಲ್ಲಿ, 1979ರ ಜೂನ್ 10ರಂದು, ಡೆಟ್ರಾಯಿಟ್‌ನ ಮನೆಗೆ ನುಗ್ಗಿದ ಕಳ್ಳರು ತಂದೆಗೆ ಗುಂಡು ಹಾರಿಸಿದರು. ಅವರು ಪ್ರಜ್ಞೆ ತಪ್ಪಿ ಬಿದ್ದರು. ಐದು ವರ್ಷ ಹಾಗೆಯೇ ಮಲಗಿದ್ದು, 1984ರ ಜುಲೈ 27ರಂದು ಕೊನೆಯುಸಿರೆಳೆದರು. ಆ ಐದು ವರ್ಷದ ಶುಶ್ರೂಷೆಯ ಖರ್ಚು ಚಿಕ್ಕದಲ್ಲ. ಮಕ್ಕಳೇ ಅದನ್ನು ಹೊರಬೇಕಾಯಿತು.

ಜಾನ್ ಲ್ಯಾಂಡಿಸ್ ನಿರ್ದೇಶನದ 'ದಿ ಬ್ಲೂಸ್ ಬ್ರದರ್ಸ್' ಚಿತ್ರ ತಯಾರಾದದ್ದು ಇದೇ ಹೊತ್ತಿನಲ್ಲಿ. ತೆರೆಕಂಡದ್ದು 1980ರಲ್ಲಿ. ಕಪ್ಪು ಟೊಪ್ಪಿ, ಕಪ್ಪು ಕನ್ನಡಕದ ಇಬ್ಬರು ಸಹೋದರರು ತಾವು ಬೆಳೆದ ಅನಾಥಾಲಯವನ್ನು ಉಳಿಸಲು ಹಳೆಯ ವಾದ್ಯಮೇಳವನ್ನು ಮತ್ತೆ ಕಟ್ಟುವ ಹಾಸ್ಯ ಕಥೆ. ಡ್ಯಾನ್ ಆಕ್ರಾಯ್ಡ್ ಮತ್ತು ಜಾನ್ ಬೆಲೂಶಿ ಆ ಸಹೋದರರು. ರೇ ಚಾರ್ಲ್ಸ್, ಜೇಮ್ಸ್ ಬ್ರೌನ್, ಕ್ಯಾಬ್ ಕ್ಯಾಲೊವೇ ಮೊದಲಾದ ದಿಗ್ಗಜರೆಲ್ಲ ಅದರಲ್ಲಿ ಬರುತ್ತಾರೆ. ಅರೀಥಾ ಅದರಲ್ಲಿ ಶಿಕಾಗೋದ ಒಂದು ಸಣ್ಣ ಹೋಟೆಲಿನ ಯಜಮಾನಿ ಮಿಸೆಸ್ ಮರ್ಫಿ. ಗಂಡ ಅಡಿಗೆಯವನು, ಹಿಂದೆ ಗಿಟಾರು ನುಡಿಸುತ್ತಿದ್ದವನು. ಸಹೋದರರು ಬಂದು ಅವನನ್ನು ಮೇಳಕ್ಕೆ ಕರೆಯುತ್ತಾರೆ. ಅವನಿಗೂ ಹೋಗುವ ಮನಸ್ಸು. ಆಗ ಕೊಳೆಯಾದ ಏಪ್ರನ್, ಕಾಲಲ್ಲಿ ಮನೆಯೊಳಗಿನ ಚಪ್ಪಲಿ ಧರಿಸಿದ ಹೆಂಡತಿ ಅವನನ್ನು ತಡೆದು 'ಥಿಂಕ್' ಎಂಬ ತನ್ನದೇ 1968ರ ಹಾಡನ್ನು ಹಾಡುತ್ತಾಳೆ. ಚೆನ್ನಾಗಿ ಯೋಚಿಸಿ ಹೆಜ್ಜೆಯಿಡು ಎಂಬ ತಾಕೀತು ಅದು. ಇಷ್ಟೆಲ್ಲ ಆದ ಮೇಲೂ ಗಂಡ ಏಪ್ರನ್ ಕಳಚಿ ಹೊರಟೇಹೋಗುತ್ತಾನೆ! ನಗು ಬರುತ್ತದೆ. ಆದರೆ ಸಂಸಾರದ ಲೆಕ್ಕಾಚಾರವೆಲ್ಲ ತನ್ನ ತಲೆಯ ಮೇಲೇ ಇರುವ ಹೆಂಗಸಿನ ಸಿಟ್ಟು ಆ ಕೆಲವೇ ನಿಮಿಷಗಳಲ್ಲಿ ಸತ್ಯವಾಗಿ ಕಾಣುತ್ತದೆ.

ಈ ಹಾಡಿನ ಚಿತ್ರೀಕರಣ ಸುಲಭವಾಗಲಿಲ್ಲ. ಮೊದಲೇ ಮುದ್ರಿಸಿದ ಹಾಡಿಗೆ ಕ್ಯಾಮೆರಾದ ಮುಂದೆ ತುಟಿ ಆಡಿಸುವುದು ಸಿನೆಮಾದ ಪದ್ಧತಿ. ಆದರೆ ಒಂದು ಹಾಡನ್ನು ಒಂದೇ ರೀತಿ ಎರಡು ಸಲ ಹಾಡಿ ಗೊತ್ತಿಲ್ಲದ ಅರೀಥಾಗೆ ತನ್ನ ಹಾಡಿಗೇ ತುಟಿ ಹೊಂದಿಸುವುದು ಕಷ್ಟವಾಯಿತು. ಅನೇಕ ಬಾರಿ ಚಿತ್ರಿಸಿ, ಹೊಂದಿದ ತುಣುಕುಗಳನ್ನು ಜೋಡಿಸಬೇಕಾಯಿತು. ಅವರ ವಿದ್ಯೆಯ ಸ್ವರೂಪವನ್ನು ತಿಳಿಯಲು ಇದಕ್ಕಿಂತ ಉತ್ತಮ ನಿದರ್ಶನ ಬೇಡ.

ಹೊಸ ತಲೆಮಾರಿಗೆ ಆಕೆಯ ಪರಿಚಯವಾಯಿತು. ಅದೇ 1980ರಲ್ಲಿ ಅರಿಸ್ಟಾ ಕಂಪೆನಿ ಸೇರಿದ ಅರೀಥಾ ಮತ್ತೆ ಮೇಲೆದ್ದರು. 1987ರಲ್ಲಿ ಜಾರ್ಜ್ ಮೈಕೇಲ್ ಜತೆ ಹಾಡಿದ ಯುಗಳಗೀತ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ರಾಕ್ ಅಂಡ್ ರೋಲ್ ಕೀರ್ತಿಮಂದಿರಕ್ಕೆ ಸೇರಿದ ಪ್ರಥಮ ಮಹಿಳೆ ಎನಿಸಿದರು. 1998ರ 'ಬ್ಲೂಸ್ ಬ್ರದರ್ಸ್ 2000' ಚಿತ್ರದಲ್ಲಿ ಮಿಸೆಸ್ ಮರ್ಫಿ ಮತ್ತೊಮ್ಮೆ ಬಂದು, ಈ ಬಾರಿ 'ರೆಸ್ಪೆಕ್ಟ್' ಹಾಡಿದರು.

ಕಿರುತೆರೆಯಲ್ಲಿ

ಟೆಲಿವಿಷನ್ನಿನಲ್ಲಿ ಆಕೆ ಕಾಣಿಸಿಕೊಂಡ ಸಂದರ್ಭಗಳನ್ನೆಲ್ಲ ಪಟ್ಟಿ ಮಾಡಿದರೆ ಈ ಪುಟ ಸಾಲದು. 1972ರಲ್ಲಿ 'ರೂಮ್ 222' ಎಂಬ ಧಾರಾವಾಹಿಯ ಒಂದು ಕಂತಿನಲ್ಲಿ ನಟಿಸಿದರು. ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುವ ಕರಿಯ ಅಧ್ಯಾಪಕನ ಕಥೆ ಅದು. 1991ರಲ್ಲಿ 'ಮರ್ಫಿ ಬ್ರೌನ್' ಎಂಬ ಹಾಸ್ಯ ಧಾರಾವಾಹಿಯಲ್ಲಿ ತಾನಾಗಿಯೇ ಬಂದು, ನಾಯಕಿ ಪಾತ್ರಧಾರಿ ಕ್ಯಾಂಡಿಸ್ ಬರ್ಗನ್ ಜತೆ ಪಿಯಾನೋದ ಬಳಿ ಹಾಡಿದರು.

ಎರಡು ಸಂಜೆಗಳನ್ನು ಮಾತ್ರ ವಿಶೇಷವಾಗಿ ಹೇಳಬೇಕು. 1998ರ ಫೆಬ್ರವರಿಯ ಗ್ರ್ಯಾಮಿ ಪ್ರಶಸ್ತಿ ಸಮಾರಂಭದಲ್ಲಿ ಇಟಲಿಯ ಮಹಾಗಾಯಕ ಪವರೋಟಿ ಪುಚ್ಚಿನಿಯ ಒಪೇರಾದ ಒಂದು ಕಠಿಣ ಹಾಡನ್ನು ಹಾಡಬೇಕಿತ್ತು. ಗಂಟಲು ಕೆಟ್ಟು ಕೊನೆಯ ಗಳಿಗೆಯಲ್ಲಿ ಬರಲಾಗದೆಂದು ಹೇಳಿಕಳುಹಿಸಿದರು. ಎರಡು ದಿನ ಮುಂಚೆ ಬೇರೊಂದು ಸಮಾರಂಭದಲ್ಲಿ ಅದೇ ಹಾಡನ್ನು ಹಾಡಿದ್ದ ಅರೀಥಾ ಒಪ್ಪಿಕೊಂಡರು. ವಾದ್ಯಮೇಳ ಸಿದ್ಧವಾಗಿದ್ದುದು ಪವರೋಟಿಯ ಶ್ರುತಿಗೆ. ಅದನ್ನು ಬದಲಿಸಲು ಸಮಯವಿರಲಿಲ್ಲ. ಆಕೆ ಅದೇ ಶ್ರುತಿಯಲ್ಲಿ, ಗಂಡಸಿನ ಹಾಡನ್ನು, ತನ್ನ ಚರ್ಚಿನ ಧಾಟಿಯಲ್ಲಿ ಹಾಡಿದರು. ಸಭೆ ಎದ್ದು ನಿಂತಿತು.

ಇನ್ನೊಂದು 2015ರ ಡಿಸೆಂಬರ, ವಾಷಿಂಗ್ಟನ್ನಿನ ಕೆನೆಡಿ ಸೆಂಟರ್. ಗೀತರಚನಕಾರ್ತಿ ಕ್ಯಾರೊಲ್ ಕಿಂಗ್ ಅವರಿಗೆ ಸನ್ಮಾನ. ಆಕೆ ತರುಣಿಯಾಗಿದ್ದಾಗ ಅರೀಥಾಗಾಗಿ ಬರೆದ 1967ರ ಹಾಡನ್ನು, ಎಪ್ಪತ್ತಮೂರರ ಅರೀಥಾ ಪಿಯಾನೋ ನುಡಿಸುತ್ತ ಆರಂಭಿಸಿದರು. ಆಮೇಲೆ ಎದ್ದು ಮುಂದೆ ಬಂದು, ಹಾಡು ತಾರಕಕ್ಕೇರಿದಾಗ ಹೆಗಲ ಮೇಲಿನ ತುಪ್ಪಳದ ಕೋಟನ್ನು ನೆಲಕ್ಕೆ ಜಾರಿಸಿಬಿಟ್ಟರು. ಅಧ್ಯಕ್ಷ ಒಬಾಮಾ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಜಗತ್ತೇ ನೋಡಿತು. 2009ರಲ್ಲಿ ಅದೇ ಒಬಾಮಾ ಪ್ರಮಾಣವಚನ ಸ್ವೀಕರಿಸಿದ ದಿನ ಕೊರೆವ ಚಳಿಯಲ್ಲಿ ನಿಂತು ಹಾಡಿದ್ದವರೂ ಈಕೆಯೇ.

ವೇದಿಕೆಗೆ ಬರುವಾಗ ಅರೀಥಾರ ಕೈಯಲ್ಲಿ ಒಂದು ಕೈಚೀಲ ಇರುತ್ತಿತ್ತು. ಹಾಡುವಾಗಲೂ ಕಣ್ಣಿಗೆ ಕಾಣುವಲ್ಲಿ, ಪಿಯಾನೋದ ಮೇಲೆ. ನೋಡಿದವರು ನಗುತ್ತಿದ್ದರು. ಅದರೊಳಗೆ ಇದ್ದದ್ದು ಅಂದಿನ ಸಂಭಾವನೆ, ನಗದಾಗಿ. ಹಣ ಕೈಗೆ ಬಂದ ಮೇಲೆಯೇ ಹಾಡು. ಆಕೆ ಬೆಳೆಯುವ ಕಾಲದಲ್ಲಿ ಎಷ್ಟೋ ಕರಿಯ ಕಲಾವಿದರು ಹಾಡಿ, ಕುಣಿದು, ಕೊನೆಗೆ ಬರಿಗೈಯಲ್ಲಿ ಮನೆಗೆ ಹೋದದ್ದನ್ನು ಕಣ್ಣಾರೆ ಕಂಡವರು. ಇದನ್ನು ತಿಳಿದವರು ಆ ಕೈಚೀಲವನ್ನು ನೋಡಿ ನಗಲಾರರು.

ನಲ್ವತ್ತಾರು ವರ್ಷ ಮುಚ್ಚಿಟ್ಟ ಚಿತ್ರ

ಈಗ ಮೊದಲು ಹೇಳಿದ ಚಿತ್ರಕ್ಕೆ ಬರೋಣ. 1972ರಲ್ಲಿ ಅರೀಥಾ ಕೀರ್ತಿಯ ತುತ್ತತುದಿಯಲ್ಲಿದ್ದರು. ಆಗ ಆಕೆ ಬಯಸಿದ್ದು ಮರಳಿ ಚರ್ಚಿಗೆ ಹೋಗುವುದನ್ನು. ಲಾಸ್ ಏಂಜಲಿಸಿನ ವಾಟ್ಸ್ ಎಂಬ ಬಡವರ ಕೇರಿಯ ನ್ಯೂ ಟೆಂಪಲ್ ಮಿಷನರಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಜನವರಿ 13 ಮತ್ತು 14ರ ಎರಡು ರಾತ್ರಿ ಭಕ್ತರ ಎದುರಿಗೆ ಹಾಡಿ ಮುದ್ರಿಸುವುದೆಂದು ತೀರ್ಮಾನವಾಯಿತು. ಬಾಲ್ಯದ ಗುರು ಜೇಮ್ಸ್ ಕ್ಲೀವ್‌ಲ್ಯಾಂಡ್ ಮತ್ತು ಅವರ ಹಾಡುಗಾರರ ತಂಡ ಜತೆಗೆ. 'ಅಮೇಝಿಂಗ್ ಗ್ರೇಸ್' ಎಂಬ ಹೆಸರಿನಲ್ಲಿ ಆ ಧ್ವನಿಮುದ್ರಿಕೆ ಅದೇ ವರ್ಷ ಹೊರಬಂದು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆಕೆಯ ಧ್ವನಿಮುದ್ರಿಕೆಗಳಲ್ಲೆಲ್ಲ ಹೆಚ್ಚು ಮಾರಾಟವಾದದ್ದು ಅದೇ.

ವಾರ್ನರ್ ಸಂಸ್ಥೆ ಆ ಎರಡು ರಾತ್ರಿಗಳನ್ನು ಚಿತ್ರೀಕರಿಸಲು ಸಿಡ್ನಿ ಪೊಲಾಕ್ ಎಂಬ ನಿರ್ದೇಶಕರನ್ನು ಕಳುಹಿಸಿತು. ಅವರು ಕಥಾಚಿತ್ರಗಳಲ್ಲಿ ಪಳಗಿದವರು. ಸಿನೆಮಾದಲ್ಲಿ ಚಿತ್ರ ಒಂದು ಯಂತ್ರದಲ್ಲಿ, ಧ್ವನಿ ಇನ್ನೊಂದರಲ್ಲಿ ದಾಖಲಾಗುತ್ತದೆ. ಪ್ರತಿ ಬಾರಿ ಆರಂಭಿಸುವಾಗ ಕ್ಯಾಮೆರಾದ ಮುಂದೆ ಮರದ ಹಲಗೆಯನ್ನು 'ಟಕ್' ಎಂದು ಬಡಿಯುವುದನ್ನು ಓದುಗರು ಕಂಡಿರಬಹುದು. ಆ ಬಡಿತದ ಚಿತ್ರವನ್ನೂ ಸದ್ದನ್ನೂ ಒಂದಕ್ಕೊಂದು ಕೂಡಿಸಿದರೆ ಮುಂದಿನದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ. ಚರ್ಚಿನಲ್ಲಿ ಹಲವು ಕ್ಯಾಮೆರಾಗಳು ನಿಂತು ನಿಂತು ಓಡಿದವು. ಹಲಗೆ ಬಡಿಯುವ ಕೆಲಸ ನಡೆಯಲೇ ಇಲ್ಲ. ಪರಿಣಾಮವಾಗಿ ಗಂಟೆಗಟ್ಟಲೆ ಚಿತ್ರ ಒಂದು ಕಡೆ, ಅದ್ಭುತ ಹಾಡು ಇನ್ನೊಂದು ಕಡೆ. ಯಾವ ತುಟಿಗೆ ಯಾವ ಸ್ವರ ಎಂದು ಹೊಂದಿಸಲು ಯಾರಿಂದಲೂ ಆಗಲಿಲ್ಲ. ಸುರುಳಿಗಳು ಉಗ್ರಾಣ ಸೇರಿದವು.

2007ರಲ್ಲಿ ಆಲನ್ ಎಲಿಯಟ್ ಎಂಬ ಸಂಗೀತ ನಿರ್ಮಾಪಕರು ಆ ಸುರುಳಿಗಳ ಹಕ್ಕನ್ನು ಕೊಂಡರು. ಮಾರನೆಯ ವರ್ಷ ಪೊಲಾಕ್ ತೀರಿಕೊಂಡರು. ಅಷ್ಟರಲ್ಲಿ ಕಂಪ್ಯೂಟರಿನ ಸಹಾಯದಿಂದ ಚಿತ್ರಕ್ಕೂ ಧ್ವನಿಗೂ ಗಂಟು ಹಾಕುವ ವಿದ್ಯೆ ಬಂದಿತ್ತು. ಚಿತ್ರ ಸಿದ್ಧವಾಯಿತು. ಆದರೆ ತನ್ನ ಒಪ್ಪಿಗೆ ಇಲ್ಲದೆ ತನ್ನ ರೂಪವನ್ನು ಬಳಸುವಂತಿಲ್ಲ ಎಂದು ಅರೀಥಾ 2011ರಲ್ಲಿ ದಾವೆ ಹೂಡಿದರು. 2015ರ ಸೆಪ್ಟೆಂಬರದಲ್ಲಿ ಟೆಲ್ಯುರೈಡ್ ಚಲಚಿತ್ರೋತ್ಸವದಲ್ಲಿ ಪ್ರದರ್ಶನ ಆರಂಭವಾಗಲು ಕೆಲವೇ ಗಂಟೆಗಳಿದ್ದಾಗ ನ್ಯಾಯಾಧೀಶರ ತಡೆಯಾಜ್ಞೆ ಬಂತು.

ಆಗ ಅನೇಕರು ಆಕೆಯನ್ನು ಹಟಮಾರಿ ಎಂದರು. ಇಂಥ ರತ್ನವನ್ನು ಜನರಿಂದ ಮರೆಮಾಚಬಹುದೇ ಎಂದು ಕೇಳಿದರು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಎರಡೂ ಕಡೆಯ ನ್ಯಾಯವಿದೆ. ಕಲೆ ಲೋಕದ ಸೊತ್ತು, ಹೌದು. ಆದರೆ ಸುರುಳಿ ಕೊಂಡವನಿಗೆ ಹಾಡುಗಾರ್ತಿಯ ಮುಖವೂ ಮಾರಾಟದೊಂದಿಗೆ ಬರುತ್ತದೆಯೇ? ರೇಡಿಯೋದಲ್ಲಿ ಹಾಡಿಗೆ ದುಡ್ಡಿಲ್ಲ, ಸಂಭಾವನೆ ಕೈಚೀಲಕ್ಕೆ ಬೀಳದೆ ನಂಬಿಕೆಯಿಲ್ಲ ಎಂಬ ಅನುಭವದಲ್ಲಿ ಬೆಂದವಳು ಈ ಒಂದು ಸಲ ಮಾತ್ರ 'ನನ್ನನ್ನು ಕೇಳದೆ ಆಗದು' ಎಂದರೆ ಅದು ಹಟವೇ, ಹಕ್ಕೇ? ಓದುಗರು ತಾವೇ ಯೋಚಿಸಬೇಕು.

2018ರ ಆಗಸ್ಟ್ 16ರಂದು, ಎಪ್ಪತ್ತಾರರ ವಯಸ್ಸಿನಲ್ಲಿ, ಮೇದೋಜೀರಕ ಗ್ರಂಥಿಯ ಅರ್ಬುದದಿಂದ ಅರೀಥಾ ಡೆಟ್ರಾಯಿಟ್‌ನಲ್ಲಿ ತೀರಿಕೊಂಡರು. ಬಳಿಕ ಕುಟುಂಬದವರು ಚಿತ್ರವನ್ನು ನೋಡಿ ಒಪ್ಪಿಗೆ ಕೊಟ್ಟರು. ನವೆಂಬರ 12ರಂದು ನ್ಯೂಯಾರ್ಕಿನಲ್ಲಿ ಪ್ರಥಮ ಪ್ರದರ್ಶನ. 2019ರಲ್ಲಿ ಎಲ್ಲೆಡೆ ಬಿಡುಗಡೆ.

ಚಿತ್ರದಲ್ಲಿ ಕಥೆಯಿಲ್ಲ, ನಿರೂಪಕನಿಲ್ಲ. ಒಂದೂವರೆ ಗಂಟೆ ಹಾಡು ಅಷ್ಟೆ. ಆಡಂಬರವಿಲ್ಲದ ಚರ್ಚು. ಬೆವರು ಸುರಿಯುವ ಸೆಕೆ. ಇಪ್ಪತ್ತೊಂಬತ್ತರ ತರುಣಿ ಅರೀಥಾ ಹಾಡುಗಳ ನಡುವೆ ಒಂದು ಮಾತೂ ಆಡುವುದಿಲ್ಲ ಎನ್ನಬಹುದು. ಮಾತೆಲ್ಲ ಕ್ಲೀವ್‌ಲ್ಯಾಂಡರದು. ಆಕೆ ಕಣ್ಣು ಮುಚ್ಚಿದಾಗ ಸ್ವರ ಏರುತ್ತದೆ. ಹಿಂದೆ ಕುಳಿತ ಹಾಡುಗಾರರು ತಮ್ಮ ಕೆಲಸ ಮರೆತು ಎದ್ದು ನಿಲ್ಲುತ್ತಾರೆ. ಒಂದು ಹಂತದಲ್ಲಿ ಕ್ಲೀವ್‌ಲ್ಯಾಂಡ್ ಮುಖ ಮುಚ್ಚಿಕೊಂಡು ಅಳುತ್ತಾರೆ. ಎರಡನೆಯ ರಾತ್ರಿ ಸಭಿಕರ ಸಾಲಿನಲ್ಲಿ ತಂದೆ ಬಂದು ಕುಳಿತಿದ್ದಾರೆ. ಪಕ್ಕದಲ್ಲಿ ಕ್ಲಾರಾ ವಾರ್ಡ್. ಹಿಂದುಗಡೆ ಎಲ್ಲೋ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜ್ಯಾಗರ್ ಕೂಡ ನಿಂತಿದ್ದಾನೆ. ಮಗಳು ಪಿಯಾನೋದ ಮುಂದೆ ಹಾಡುತ್ತಿರುವಾಗ ತಂದೆ ಎದ್ದುಬಂದು ಕರವಸ್ತ್ರದಿಂದ ಅವಳ ಮುಖದ ಬೆವರನ್ನು ಒರೆಸುತ್ತಾರೆ. ಅವಳು ಹಾಡು ನಿಲ್ಲಿಸುವುದಿಲ್ಲ. ಚಿತ್ರವನ್ನು ನೋಡಿದ ನಮಗೆ ಹಾಡುಗಳಿಗಿಂತಲೂ ಹೆಚ್ಚು ಕಾಲ ನೆನಪಿನಲ್ಲಿ ಉಳಿದದ್ದು ಈ ದೃಶ್ಯ. ಏಳು ವರ್ಷಗಳ ತರುವಾಯ ಆ ತಂದೆಗೆ ಏನು ಕಾದಿತ್ತೆಂಬುದು ನೋಡುವವರಿಗೆ ಗೊತ್ತು. ಪರದೆಯ ಮೇಲಿನ ಆ ಇಬ್ಬರಿಗೆ ಗೊತ್ತಿಲ್ಲ.

ಉಳಿದದ್ದು

ಸ್ಪರ್ಧೆಯಲ್ಲಿ ಗೆದ್ದ ಗ್ರ್ಯಾಮಿ ಪ್ರಶಸ್ತಿಗಳು ಹದಿನೆಂಟು. 2005ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ. ಮರಣಾನಂತರ 2019ರಲ್ಲಿ ಪುಲಿಟ್ಝರ್ ವಿಶೇಷ ಪುರಸ್ಕಾರ. 2021ರಲ್ಲಿ ಆಕೆಯ ಬದುಕನ್ನು ಕುರಿತ 'ರೆಸ್ಪೆಕ್ಟ್' ಎಂಬ ಕಥಾಚಿತ್ರ ಬಂತು. ಅದರಲ್ಲಿ ಅರೀಥಾ ಪಾತ್ರ ವಹಿಸಿದವರು ಜೆನಿಫರ್ ಹಡ್ಸನ್. ಆ ಆಯ್ಕೆ ಸ್ವತಃ ಅರೀಥಾರದೇ. ಅದೇ ವರ್ಷ ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಯ ಸರಣಿಯಲ್ಲಿ ಸಿಂಥಿಯಾ ಎರಿವೋ ಆ ಪಾತ್ರ ಮಾಡಿದರು. ಇಬ್ಬರೂ ಚೆನ್ನಾಗಿ ಹಾಡಬಲ್ಲವರು. ಆದರೂ 1972ರ ಚಿತ್ರ ನೋಡಿದ ಬಳಿಕ ಇವನ್ನು ನೋಡುವವರಿಗೆ ಮೂಲ ಯಾವುದು, ಪ್ರತಿ ಯಾವುದು ಎಂಬ ವ್ಯತ್ಯಾಸ ತಿಳಿಯದೆ ಇರದು.

ಬದುಕಿನುದ್ದಕ್ಕೂ ಲೆಕ್ಕಾಚಾರ ಮಾಡಿದ ಈಕೆ ಆಸ್ತಿಯ ಬಗ್ಗೆ ಮಾತ್ರ ಕ್ರಮಬದ್ಧವಾದ ಮರಣಶಾಸನ ಬರೆಸಿರಲಿಲ್ಲ. ಮರುವರ್ಷ ಮನೆಯಲ್ಲಿ ಕೈಬರಹದ ಕಾಗದಗಳು ಸಿಕ್ಕವು. ಒಂದು ಸೋಫಾದ ದಿಂಬಿನ ಅಡಿಯಲ್ಲಿತ್ತು! ಮಕ್ಕಳಲ್ಲಿ ವ್ಯಾಜ್ಯವಾಗಿ, 2014ರ ಆ ಸೋಫಾದ ಕಾಗದವೇ ಸಿಂಧುವೆಂದು 2023ರ ಜುಲೈಯಲ್ಲಿ ಪಂಚರು ತೀರ್ಪಿತ್ತರು. ವಕೀಲರನ್ನು ನಂಬದೆ, ಎಲ್ಲವನ್ನೂ ತನ್ನ ಕೈಯಳತೆಯಲ್ಲೇ ಇಟ್ಟುಕೊಂಡ ಸ್ವಭಾವ ಅಲ್ಲೂ ಕಾಣುತ್ತದೆ.

ನಮ್ಮ ಮನೆಗಳಲ್ಲಿ ಈಗ ಮಕ್ಕಳ ಕೈಯಲ್ಲಿರುವ ಫೋನಿನಲ್ಲಿ ಜಗತ್ತಿನ ಯಾವ ಹಾಡೂ ಸಿಗುತ್ತದೆ. 'ದಿ ಬ್ಲೂಸ್ ಬ್ರದರ್ಸ್' ಚಿತ್ರದ ಹೋಟೆಲಿನ ದೃಶ್ಯವನ್ನು ಮೊದಲು ನೋಡಿ. ಅದು ನಗಿಸುತ್ತದೆ. ಆ ಮೇಲೆ ಬಿಡುವಿರುವ ಒಂದು ರಾತ್ರಿ 'ಅಮೇಝಿಂಗ್ ಗ್ರೇಸ್' ನೋಡಿ. ಭಾಷೆ ಅರ್ಥವಾಗದಿದ್ದರೂ ಅಡ್ಡಿಯಿಲ್ಲ. ದೇವರ ಹೆಸರು ಬೇರೆಯಾದರೂ ಅಡ್ಡಿಯಿಲ್ಲ. ಆದರೆ ನೋಡುವಾಗ, ಈ ಚಿತ್ರವನ್ನು ನಮಗೆ ತೋರಿಸಲು ಆಕೆ ಒಪ್ಪಿರಲಿಲ್ಲ ಎಂಬುದನ್ನೂ ಮರೆಯಬಾರದು.